ಶಬ್ದಕ್ಕೂ ಊರು ಕೇಳುತ್ತಿದ್ದವರು

ಔಷಧದ ಡಬ್ಬಿಯೊಳಗೆ ಹಲವು ಮಡಿಕೆ ಮಾಡಿ ತುರುಕಿರುತ್ತಾರಲ್ಲ, ಯಾರೂ ಬಿಡಿಸಿ ನೋಡದ ತೆಳು ಕಾಗದ, ಅದನ್ನು ಓದುವುದೇ ನನ್ನ ಹೊಟ್ಟೆಪಾಡು. ನವಿ ಮುಂಬೈಯ ರಬಾಳೆಯ ಕಾರ್ಖಾನೆಗಳ ನಡುವೆ ಇರುವ ನಮ್ಮ ಪ್ರೆಸ್ಸಿನಲ್ಲಿ ಅಚ್ಚಾಗುವುದೆಲ್ಲ ಅಂಥ ಕಾಗದಗಳೇ. ಮೆಷಿನ್ನಿಗೆ ಹೋಗುವ ಮೊದಲು ಅದರಲ್ಲಿ ತಪ್ಪಿಲ್ಲವೆಂದು ನೋಡಿ ಸಹಿ ಹಾಕುವವನು ನಾನು. ಹುಟ್ಟು ಹೆದರುಪುಕ್ಕಲನೊಬ್ಬನಿಗೆ ಇದಕ್ಕಿಂತ ಕೆಟ್ಟ ಕೆಲಸವನ್ನು ದೇವರು ಹುಡುಕಿ ಕೊಡಲಾರ. ಬೆಳಿಗ್ಗೆ 'ಅಪರೂಪಕ್ಕೆ ಕೈ ಮರಗಟ್ಟಬಹುದು' ಎಂದು ಓದಿದರೆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಷ್ಟರಲ್ಲಿ ನನ್ನ ಕೈ ಮರಗಟ್ಟಿರುತ್ತದೆ. ಹೆರಿಗೆಗೆ ಸಂಬಂಧಪಟ್ಟವನ್ನು ಬಿಟ್ಟು ಮಿಕ್ಕ ಎಲ್ಲ ಕಾಯಿಲೆಗಳೂ ನನಗೆ ಒಂದಲ್ಲ ಒಂದು ಸಲ ಬಂದು ಹೋಗಿವೆ.

ಆದರೂ ನಾನು ಈ ಕೆಲಸದಲ್ಲಿ ಉಳಿದುಕೊಂಡದ್ದು ಎದುರಿಗೆ ಕೂರುತ್ತಿದ್ದ ಒಬ್ಬರ ದೆಸೆಯಿಂದ. ನಿವೃತ್ತರಾಗಿ ಮುಂಬೈ ಬಳಿಯ ಕಲ್ಯಾಣದ ಮನೆಯಲ್ಲಿದ್ದರು. ಹೋದ ತಿಂಗಳು ಅವರ ಹೆಂಡತಿ ಫೋನ್ ಮಾಡಿ, "ನಿಮ್ಮ ಸರ್ ಹೋದ್ರು" ಎಂದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, ಆ ಹೆಸರು ಯಾವ ಧಾತುವಿನಿಂದ ಬಂತು ಹೇಳು ನೋಡೋಣ ಎಂದು ಎಲ್ಲಿಂದಲೋ ಕೇಳಿಯಾರು. ಉತ್ತರ ನನಗೆ ಗೊತ್ತಿಲ್ಲ.

ನಮ್ಮ ಕೆಲಸದ ರೀತಿಯನ್ನು ಮೊದಲು ಹೇಳಬೇಕು. ಪ್ರೂಫ್ ನೋಡುವುದಕ್ಕೆ ಇಬ್ಬರು. ಒಬ್ಬರು ಔಷಧ ಕಂಪನಿಯವರು ಕಳಿಸಿದ ಮೂಲಪ್ರತಿಯನ್ನು ಹಿಡಿದು ಗಟ್ಟಿಯಾಗಿ ಓದುತ್ತಾರೆ. ಇನ್ನೊಬ್ಬ ಪ್ರೂಫಿನ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಾನೆ. ಅಕ್ಷರ ಮಾತ್ರವಲ್ಲ, ಚಿಹ್ನೆಗಳನ್ನೂ ಓದಬೇಕು: ಕಾಮಾ, ಬ್ರ್ಯಾಕೆಟ್ ಓಪನ್, ಬ್ರ್ಯಾಕೆಟ್ ಕ್ಲೋಸ್, ಫುಲ್‌ಸ್ಟಾಪ್. ಕೊನೆಗೆ ಇಬ್ಬರೂ ಸಹಿ ಮಾಡಬೇಕು. ಒಂದು ಸಹಿ ಇಲ್ಲದಿದ್ದರೂ ಮೆಷಿನ್ ತಿರುಗುವುದಿಲ್ಲ. ಓದುವವರು ಅವರು, ಹಿಂಬಾಲಿಸುವವನು ನಾನು. ಅಡ್ಡಪರಿಣಾಮಗಳ ಉದ್ದನೆಯ ಸಾಲನ್ನು ಅವರು ಮದುವೆ ಮನೆಯ ಪುರೋಹಿತರು ಗೋತ್ರ ಪ್ರವರ ಹೇಳುವ ಹಾಗೆ ಒಂದೇ ಉಸಿರಿನಲ್ಲಿ ಓದಿ, ಫುಲ್‌ಸ್ಟಾಪಿಗೆ ಬಂದು ನಿಂತು, ಕನ್ನಡಕದ ಮೇಲಿನಿಂದ ನನ್ನನ್ನು ನೋಡುತ್ತಿದ್ದರು. ಆ ನೋಟದ ಅರ್ಥ: ಇದರಲ್ಲಿ ಯಾವುದು ಬಂತು ನಿನಗೆ?

"ವರ್ಟಿಗೋ," ಎನ್ನುತ್ತಿದ್ದೆ ನಾನು, ಮೇಜು ಹಿಡಿದುಕೊಂಡು.

"ಹೆದರಬ್ಯಾಡ ತಮ್ಮಾ. ಮೊದಲ ಅದರ ಊರು ಕೇಳೋಣು."

ಅವರು ಕಲಬುರಗಿ ಕಡೆಯವರು. ತಂದೆ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಲು ಬಂದವರು. ಇವರು ಊರಲ್ಲೇ ಉಳಿದು ಸಂಸ್ಕೃತ ತೆಗೆದುಕೊಂಡು ಬಿ.ಎ. ಮಾಡಿ, ಆಮೇಲೆ ತಂದೆಯ ಹಿಂದೆ ಬಂದರು. ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಯಾರಾದರೂ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದರೆ ಸಾಕು, ಗುಂಪು ಸೀಳಿಕೊಂಡು ಹೋಗಿ, "ಯಾವೂರ್ರಿ? ಯಾರ ಪೈಕಿ?" ಎಂದು ಕೇಳುವರು. ಕಟ್ಟಡದ ಕೆಲಸಕ್ಕೆಂದು ಮೊದಲ ದಿನ ಬಂದು, ಗಂಟನ್ನು ಎದೆಗವಚಿಕೊಂಡು ನಿಂತ ಮನುಷ್ಯನೂ ಊರಿನ ಹೆಸರು ಹೇಳುವಷ್ಟರಲ್ಲಿ ಗಂಟನ್ನು ಕೆಳಗಿಟ್ಟಿರುತ್ತಿದ್ದ. "ಊರು ಗೊತ್ತಾತಂದ್ರ ಹೆದರಿಕಿ ಅರ್ಧಾ ಹೋಗ್ತದ. ಶಬ್ದದ್ದೂ ಹಂಗೇ. ಪರಿಚಯ ಇಲ್ಲದಕ್ಕ ಅದು ನಿನ್ನ ಅಂಜಸ್ತದ" ಎನ್ನುವುದು ಅವರ ಸಿದ್ಧಾಂತ.

ಇಂಗ್ಲಿಷ್ ಶಬ್ದವೊಂದರ ಊರು ಹುಡುಕಲು ನಮ್ಮ ಮೇಜಿನ ಮೇಲೆ ಒಂದು ಭೂಪಟವಿತ್ತು. ಪೆನ್ ಸ್ಟ್ಯಾಂಡು ಇಂಗ್ಲೆಂಡು. ಸ್ಟೇಪ್ಲರ್ ಫ್ರಾನ್ಸು. ಅವರ ಊಟದ ಡಬ್ಬಿ ರೋಮ್. ಚಹದ ಗ್ಲಾಸು ಗ್ರೀಸ್. ಎರಡು ಬೆರಳುಗಳನ್ನು ಕಾಲು ಮಾಡಿಕೊಂಡು ಅವರು ಪೆನ್ ಸ್ಟ್ಯಾಂಡಿನಿಂದ ಹೊರಡುತ್ತಿದ್ದರು. ಒಮ್ಮೆ ಅವರು ರೋಮ್ ದಾಟುವಷ್ಟರಲ್ಲಿ ಕ್ಯಾಂಟೀನಿನವನು ಗ್ಲಾಸು ಎತ್ತಿಕೊಂಡು ಹೋದಾಗ, "ಅರೇ ಭಾಯ್, ನಮ್ಮ ಗ್ರೀಸ್ ಒಯ್ದ್ಯಲ್ಲೋ!" ಎಂದು ಅವರು ಕೂಗಿದ್ದು ಮೆಷಿನ್ ಹಾಲಿನವರೆಗೂ ಕೇಳಿಸಿತ್ತು. ಸಂಸ್ಕೃತದವರೆಗೆ ಹೋಗಬೇಕಾದರೆ ಮೇಜು ಸಾಲುತ್ತಿರಲಿಲ್ಲ. ಆಗ ಅವರು ಎದ್ದು, ನಾಲ್ಕು ಹೆಜ್ಜೆ ನಡೆದು, ಕಿಟಕಿಯ ಕಟ್ಟೆಯನ್ನು ಮುಟ್ಟುತ್ತಿದ್ದರು. ಕಿಟಕಿಯ ಕಟ್ಟೆ ಭಾರತ.

ವರ್ಟಿಗೋ ಲ್ಯಾಟಿನ್ನಿನಲ್ಲಿ 'ತಿರುಗು' ಎಂಬ ಧಾತುವಿನ ಮಗು. ಸಂಸ್ಕೃತದ 'ವರ್ತತೇ' ಅದರ ದಾಯಾದಿ. "ನೋಡು, ಕನ್ನಡದವರೂ ತಲಿ ತಿರುಗ್ತದ ಅಂತೀವಿ. ನಾವು ಅವರ ಪೈಕಿ ಅಲ್ಲ, ನೆರೆಮನಿಯವರು. ಆದ್ರೂ ನಮಗ ಕಂಡಿದ್ದೂ ಅದೇ. ಇಷ್ಟ್ ಮಂದಿಗೆ ತಿರುಗಿದ ತಲಿ ನಿನಗೂ ತಿರುಗಿದ್ರ ಏನು ದೊಡ್ಡ ಮಾತು?" ನನ್ನ ತಲೆ ನಿಲ್ಲುತ್ತಿತ್ತು. ಯಾಕೆ ನಿಲ್ಲುತ್ತಿತ್ತೋ ಗೊತ್ತಿಲ್ಲ, ನಿಲ್ಲುತ್ತಿತ್ತು.

ಒಂದು ವಾರ ನನ್ನ ತೋಳಿನ ಸ್ನಾಯು ತಂತಾನೇ ಅದುರುತ್ತಿತ್ತು. ನರಗಳ ಕಾಯಿಲೆಯ ಚೀಟಿಯೊಂದನ್ನು ಓದಿ ಮುಗಿಸಿದ್ದೆವು, ನನಗೆ ಖಾತ್ರಿಯಾಗಿತ್ತು. ಅವರು ನನ್ನ ತೋಳು ಹಿಡಿದು ನೋಡಿ, "ಮಸಲ್ ಅಂದ್ರ ಲ್ಯಾಟಿನ್ನಿನಾಗ ಸಣ್ಣ ಇಲಿ. ಚರ್ಮದ ಕೆಳಗ ಇಲಿ ಓಡಿದಂಗ ಕಾಣ್ತದ ಅಂತ. ನಮ್ಮ ಮೂಷಕನೂ ಅದೇ ಮನೆತನ. ಇಲ್ಲಿ ಮುಂಬೈದಾಗ ಹುಡುಗರು ತೋಳು ಉಬ್ಬಿಸಿ 'ಮಛಲಿ' ಅಂತ ತೋರಸ್ತಾರ. ಅವರಿಗೆ ಇಲಿ, ಇವರಿಗೆ ಮೀನು. ಆಡ್ಲಿ ಬಿಡು, ನಿಂದೇನ್ ತಿಂತದ?" ಎಂದರು.

ಈ ಮದ್ದು ಪ್ರತಿಸಲವೂ ನಾಟುತ್ತಿತ್ತು ಎಂದಲ್ಲ. ಕ್ಯಾನ್ಸರ್ ಎಂದರೆ ಏಡಿ, ಅದರ ಬಳಗದಲ್ಲೇ ನಮ್ಮ ಕರ್ಕವೂ ಇದೆ ಎಂದು ಅವರು ಹೇಳಿದ ದಿನ ನನಗೆ ಸಮಾಧಾನದ ಬದಲು ಇನ್ನೊಂದು ದಿಗಿಲು ಹತ್ತಿತು. ನನ್ನ ಹೆಂಡತಿಯದು ಕರ್ಕಾಟಕ ರಾಶಿ. ಅವಳನ್ನು ನಾನು ನೋಡುತ್ತಿದ್ದ ರೀತಿಗೆ ಅವಳು, "ಏನ್ರೀ ಅದು, ಪೊಲೀಸ್ನೋರು ನೋಡೋ ಹಾಗೆ ನೋಡ್ತೀರಿ?" ಎಂದು ಕೇಳಿದಳು.

ಇಷ್ಟೆಲ್ಲ ಹೇಳಿದೆನೆಂದು ಅವರನ್ನು ಸಾಧುಪುರುಷ ಎಂದುಕೊಳ್ಳಬಾರದು. ಜಂಬದ ಮನುಷ್ಯ, ಮುಂಗೋಪಿ. ಊಹೆ ಮಾಡಿ ಮೂಲ ಹೇಳುವವರನ್ನು ಕಂಡರೆ ಅವರ ಮೂಗು ಕೆಂಪಾಗುತ್ತಿತ್ತು. ನಮ್ಮ ಸೂಪರ್‌ವೈಸರ್ ಮಂಗಳೂರಿನವರು, ಬೆಳಿಗ್ಗೆ ಎದ್ದು ವಾಟ್ಸಾಪ್ ನೋಡಿ ಬರುವವರು. ಒಂದು ದಿನ ಬಾಗಿಲಲ್ಲಿ ನಿಂತು, "ಓ ಮಾರಾಯ್ರೆ, ಡಾಕ್ಟರ್ ಅಂತ ಹೇಳುವ ಶಬ್ದ ನಮ್ಮ 'ದುಃಖತಾರಕ'ದಿಂದ ಬಂದದ್ದಂತೆ, ಗೊತ್ತುಂಟಾ ನಿಮಗೆ?" ಎಂದರು.

"ಡಾಕ್ಟರ್ ಅಂದ್ರ ಮಾಸ್ತರ. ಲ್ಯಾಟಿನ್ನಿನಾಗ ಕಲಿಸು ಅನ್ನೋದರಿಂದ ಬಂದದ್ದು. ಮುಖ ನೋಡಿ ಸಂಬಂಧ ಕಟ್ಟಬಾರದ್ರೀ. ಹಂಗಾದ್ರ ಕಲ್ಯಾಣ ಫಾಸ್ಟ್ ಲೋಕಲ್ಲಿನಾಗ ನನಗ ಒರಗಿ ನಿಂತವರೆಲ್ಲ ನನ್ನ ಬೀಗರೇನು?"

"ನಿಮ್ಮತ್ರ ಮಾತಾಡ್ಲಿಕ್ಕೆ ಬಂದದ್ದೇ ನನ್ನ ತಪ್ಪು," ಎಂದು ಸೂಪರ್‌ವೈಸರ್ ಹೊರಟುಹೋದರು. ಒಂದು ಶಬ್ದದ ಜಾಡು ಸಿಗದಿದ್ದರೆ ಇವರು "ಗೊತ್ತಿಲ್ಲ" ಎಂದು ಹೇಳುವುದನ್ನು ಕೇಳಬೇಕಿತ್ತು. ಬೇರೆಯವರು ಪದಕ ತೋರಿಸುವ ಹಾಗೆ ಅದನ್ನು ಹೇಳುತ್ತಿದ್ದರು. ಇಲ್ಲದ್ದನ್ನು ಸೇರಿಸಬಾರದು, ಇದ್ದದ್ದನ್ನು ಬಿಡಬಾರದು. ಪ್ರೂಫಿಗೆ ಹೇಳಿದ ಈ ನಿಯಮವನ್ನೇ ಅವರು ಬದುಕಿಗೂ ಹೊಂದಿಸಿಕೊಂಡಿದ್ದರು. ಅದೇ ಅವರನ್ನು ಬಲಿ ತೆಗೆದುಕೊಳ್ಳುವುದರಲ್ಲಿತ್ತು.

ನನಗೆ ಮೊದಲು ಅನುಮಾನ ಬಂದದ್ದು ಠಾಣೆ ರೈಲು ನಿಲ್ದಾಣದ ಮೆಟ್ಟಿಲುಗಳ ಮೇಲೆ. ಅವರು ಕಲ್ಯಾಣದಲ್ಲಿ ಹತ್ತಿ ಬರುವ ಗಾಡಿಗೇ ನಾನು ಡೊಂಬಿವಲಿಯಲ್ಲಿ ನುಗ್ಗುತ್ತಿದ್ದೆ. ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ನವಿ ಮುಂಬೈ ಕಡೆಯ ಪ್ಲಾಟ್‌ಫಾರ್ಮಿಗೆ ಹೋಗಬೇಕು. ಆ ಮೆಟ್ಟಿಲ ಮೇಲೆ ಯಾರೂ ನಿಲ್ಲುವುದಿಲ್ಲ. ನಿಂತರೆ ಹಿಂದಿನವರು ನಿಲ್ಲಲು ಬಿಡುವುದಿಲ್ಲ. ಆದರೆ ಒಂದು ಮಳೆಗಾಲ ಕಳೆದ ಮೇಲೆ ಇವರು ಅರ್ಧ ಹತ್ತಿದವರು ಕಂಬಿ ಹಿಡಿದು ನಿಂತು, "ತಮ್ಮಾ, ಪ್ಲಾಟ್‌ಫಾರ್ಮ್ ಅನ್ನೋ ಶಬ್ದ ಅದ ನೋಡು..." ಎಂದು ಶುರು ಮಾಡಿದರು. ಹಿಂದಿನಿಂದ "ಚಲೋ ಚಲೋ ಅಂಕಲ್" ಎಂಬ ಕೂಗು, ಬೆನ್ನಿಗೆ ಬ್ಯಾಗುಗಳ ಗುದ್ದು. ಇವರು ಮಾತ್ರ ನಿಧಾನಕ್ಕೆ ಫ್ರೆಂಚಿನ 'ಚಪ್ಪಟೆ'ಯಿಂದ ಗ್ರೀಕಿನ 'ಅಗಲ'ಕ್ಕೆ ಹೋಗುತ್ತಿದ್ದಾರೆ. ಮರುದಿನವೂ ಹಾಗೆಯೇ, ಅದೇ ಜಾಗದಲ್ಲಿ, ಬೇರೆ ಶಬ್ದ. ಮೊದಲೆಲ್ಲ ಅವರ ಶಬ್ದಗಳು ಹೊರಡುತ್ತಿದ್ದದ್ದು ಮೇಜಿನ ಮುಂದೆ. ಈಗ ಮೇಜಿನ ಮುಂದೆ ಕಡಿಮೆಯಾಗಿ ಮೆಟ್ಟಿಲ ಮೇಲೆ ಜಾಸ್ತಿಯಾದವು. ಕತೆ ಹೇಳುವಾಗ ಅವರ ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಅಂಗಿಯ ಎರಡನೇ ಗುಂಡಿಯ ಮೇಲೆ.

ಅಷ್ಟಾದರೂ ನಾನು ನನ್ನ ಸ್ವಭಾವವನ್ನು ಬೈದುಕೊಂಡು ಸುಮ್ಮನಿದ್ದೆ. ಆಮೇಲೆ ಒಂದು ದಿನ ಅವರು ಓದುತ್ತಿದ್ದಾಗ ಕಾಮಾ ಇಲ್ಲದ ಕಡೆ ಉಸಿರು ತೆಗೆದುಕೊಂಡರು.

ಇದು ಹೊರಗಿನವರಿಗೆ ಏನೂ ಅಲ್ಲ. ಆದರೆ ನಾನು ವರ್ಷಗಟ್ಟಲೆ ಆ ದನಿಯನ್ನು ಬೆರಳ ತುದಿಯಲ್ಲಿ ಹಿಂಬಾಲಿಸಿದವನು. ಅವರ ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ನನ್ನ ಬೆರಳು ಚಿಹ್ನೆಯನ್ನು ಹುಡುಕುತ್ತದೆ. ಆ ದಿನ ಬೆರಳು ನಿಂತಿತು; ಕಾಗದದ ಮೇಲೆ ಏನೂ ಇರಲಿಲ್ಲ. ಅವರು 'ಕಾಮಾ' ಎಂದದ್ದು ನನಗೇ ಕೇಳಿಸಲಿಲ್ಲವೇನೋ ಎಂದುಕೊಂಡು, ಪ್ರೂಫಿನಲ್ಲಿ ಕಾಮಾ ಬಿಟ್ಟುಹೋಗಿದೆಯೆಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ. ಮೂಲಪ್ರತಿಯನ್ನು ಇಸಿದುಕೊಂಡು ನೋಡಿದರೆ ಅಲ್ಲೂ ಕಾಮಾ ಇಲ್ಲ. ಒಂದೇ ಪುಟದಲ್ಲಿ ಮತ್ತೆ ಮತ್ತೆ ಹೀಗಾಯಿತು.

"ಸರ್, ನಿಮಗೆ ಉಸಿರು ಸಾಕಾಗ್ತಿಲ್ಲ."

"ನಿನಗ ಎಲ್ಲಾರ ಎದಿಯಾಗೂ ರೋಗ ಕಾಣ್ತದ. ಮುಂದ ನೋಡು."

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. "ನಿಮ್ಮ ಕಾಯಿಲೆಗಳು ಸಾಲ್ದು ಅಂತ ಈಗ ಅವರದ್ದೂ ಹೊತ್ಕೊಂಡು ಬಂದ್ರಾ?" ಎಂದಳು. ಅವಳನ್ನು ದೂರಿ ಫಲವಿಲ್ಲ. ತೋಳ ಬಂತು ತೋಳ ಎಂದು ಇಡೀ ಜೀವಮಾನ ಕೂಗಿದವನಿಗೆ ನಿಜವಾಗಿ ತೋಳ ಕಂಡಾಗ ಯಾವ ಪದ ಉಳಿದಿರುತ್ತದೆ? ನನಗೆ ಭಯವಾಗಿದ್ದದ್ದು ಅದೇ. ಈ ಸಲ ನಾನು ಹೇಳುತ್ತಿರುವುದು ಸರಿ, ಮತ್ತು ನಂಬುವವರು ಯಾರೂ ಇಲ್ಲ. ಬೆಳಿಗ್ಗೆ ಡೊಂಬಿವಲಿಯಲ್ಲಿ ನಿಂತು, ಕಲ್ಯಾಣದ ಕಡೆಯಿಂದ ಬರುವ ಗಾಡಿಯ ಬಾಗಿಲಲ್ಲಿ ಅವರು ಕಾಣುವವರೆಗೆ ಒಂದೊಂದೇ ಬೋಗಿಯನ್ನು ಹುಡುಕುತ್ತಿದ್ದೆ.

ಕಡೆಗೆ ಒಂದು ಶನಿವಾರ, ನನ್ನದೇ ತಪಾಸಣೆಗೆ ಜೊತೆ ಬನ್ನಿ ಎಂದು ಸುಳ್ಳು ಹೇಳಿ ಡೊಂಬಿವಲಿಯ ನಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಮರಾಠಿಯವರು, ನನ್ನನ್ನು ಕಂಡರೆ ಎದ್ದೇಳಬೇಕೋ ಅಡಗಿಕೊಳ್ಳಬೇಕೋ ತಿಳಿಯದವರು. "ಆತಾ ಕಾಯ್ ಝಾಲಂ?" ಈಗೇನಾಯಿತು ಎಂದು ನಿಟ್ಟುಸಿರು ಬಿಟ್ಟರು. ಪೇಷಂಟು ನಾನಲ್ಲ, ಇವರು ಎಂದು ಪಕ್ಕಕ್ಕೆ ತೋರಿಸಿದೆ. ಇವರು ನನ್ನನ್ನು ನುಂಗುವ ಹಾಗೆ ನೋಡಿದರು. ಆದರೆ ಡಾಕ್ಟರ ಎದುರಿಗೆ ಜಗಳ ಮಾಡುವುದು ಅವರ ಮರ್ಯಾದೆಗೆ ಒಪ್ಪದ್ದು.

"ಚೆಸ್ಟ್ ಮೇಂ ಪೇನ್ ಹೋತಾ ಹೈ ಕ್ಯಾ?" ಎದೆಯಲ್ಲಿ ನೋವು ಬರುತ್ತದೆಯೇ ಎಂದು ಡಾಕ್ಟರು ಅವರನ್ನು ಕೇಳಿದರು.

"ನೋ ಪೇನ್."

"ಥೋಡಾ ಸಾ ಭೀ?" ಚೂರೂ ಇಲ್ಲವೇ?

"ಪೇನ್ ನಹೀಂ ಹೈ, ಡಾಕ್ಟರ್‌ಸಾಬ್. ಪೇನ್ ಕಾ ಮತಲಬ್ ಮಾಲೂಮ್ ಹೈ ಆಪ್‌ಕೋ?" ಡಾಕ್ಟರಿಗೆ ಅವರು ಪೇನ್ ಎಂಬ ಶಬ್ದದ ಅರ್ಥವನ್ನು ವಿವರಿಸಿಯೇ ಬಿಟ್ಟರು. ಲ್ಯಾಟಿನ್ನಿನ 'ಪೊಯೆನಾ', ಗ್ರೀಕಿನ 'ಪೊಯ್ನೆ'. ಅರ್ಥ ದಂಡ, ತಪ್ಪಿಗೆ ತೆರುವ ಶಿಕ್ಷೆ. ತಾನು ಯಾವ ತಪ್ಪನ್ನೂ ಮಾಡಿಲ್ಲ, ಎದೆಯಲ್ಲಿ ಯಾವ ಪೇನೂ ಇಲ್ಲ. ಹೊರಗೆ ಕಾಯುತ್ತಿದ್ದವರ ಸಾಲು ಬಾಗಿಲು ದಾಟಿತ್ತು. ಡಾಕ್ಟರು ಇಸಿಜಿ ಮಾಡಿಸಿದರು. ಮಲಗಿದ್ದವರ ಗೆರೆಗಳಲ್ಲಿ ತಪ್ಪೇನೂ ಕಾಣಲಿಲ್ಲ. ಗ್ಯಾಸ್ ಎಂದು ಮಾತ್ರೆ ಬರೆದುಕೊಟ್ಟು, ಇವರಿಗೆ ಕೈಮುಗಿದು, ನನಗೆ ಕೈಯನ್ನೂ ಮುಗಿಯದೆ ಕಳಿಸಿದರು.

ಹೊರಗೆ ಬಂದ ಮೇಲೆ ಅವರು, "ಮುಗೀತಲ್ಲ? ಇನ್ನ ನನ್ನ ಎದಿ ಬಿಟ್ಟು ನಿನ್ನ ಎದಿ ನೋಡ್ಕೋ" ಎಂದರು.

"ಮೆಟ್ಟಿಲ ಮೇಲೆ ನಿಲ್ಲೋದನ್ನ ನೀವು ಹೇಳಲೇ ಇಲ್ಲ ಸರ್."

"ಅವರು ಕೇಳಿದ್ದು ಪೇನ್. ಕೇಳಿದ್ದಕ್ಕ ಕೇಳಿದಷ್ಟೇ ಉತ್ತರ. ಪ್ರತಿಯೊಳಗ ಇಲ್ಲದ್ದನ್ನ ಓದ್ತೀವೇನು ನಾವು?"

ಆಗ ನನಗೆ ನಿಜವಾದ ದಿಗಿಲು ಬಂತು. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ. ಸುಳ್ಳು ಹೇಳುವವರಾಗಿದ್ದರೆ ಗದರಿಸಿ ನಿಜ ಹೊರಡಿಸಬಹುದಿತ್ತು. ಅವರು ತಮ್ಮ ಎದೆಯಲ್ಲಿ ಆಗುತ್ತಿರುವುದಕ್ಕೆ ಹೊಂದದ ಪದವನ್ನು ಒಪ್ಪಿಕೊಳ್ಳಲು ತಯಾರಿಲ್ಲ, ಅಷ್ಟೇ. ಸರಿಯಾದ ಪದ ಸಿಗುವ ಮೊದಲೇ ಏನಾದರೂ ಆಗಿಬಿಟ್ಟರೆ? ಅವರ ಹೆಂಡತಿಗೆ ಫೋನ್ ಮಾಡಿದೆ. "ಡಾಕ್ಟರು ಗ್ಯಾಸ್ ಅಂದಾರಂತಲ್ರಿ ಅಣ್ಣಾವರ, ಕಾಗದ ನನಗೂ ತೋರಿಸಿದ್ರು" ಎಂದರು ಅವರು, ನನ್ನನ್ನೇ ಸಮಾಧಾನ ಮಾಡುವ ದನಿಯಲ್ಲಿ.

ಮುಂದಿನ ವಾರ ನಾನು ಜೀವನದಲ್ಲಿ ಮೊದಲ ಬಾರಿಗೆ ಒಂದು ಹೂಟ ಹೂಡಿದೆ. ಓದಬೇಕಾದ ಪ್ರತಿಗಳ ರಾಶಿಯಲ್ಲಿ ಹೃದಯದ ಮಾತ್ರೆಯೊಂದರ ಚೀಟಿ ಕೆಳಗೆಲ್ಲೋ ಇತ್ತು. ಅದನ್ನು ಎಳೆದು ಮೇಲಿಟ್ಟೆ. ಅವರು ಕನ್ನಡಕ ಏರಿಸಿ ಓದತೊಡಗಿದರು. ಯಾವ ಕಾಯಿಲೆಗೆ ಈ ಮಾತ್ರೆ ಎಂಬ ಸಾಲಿಗೆ ಬಂದಾಗ ನಾನು ಬೆರಳೆತ್ತಿದೆ.

"ಸರ್, ಅಂಜೈನಾ ಪೆಕ್ಟೋರಿಸ್. ಇದು ಯಾವೂರಿಂದು?"

"ಏನು, ನಿನಗ ಬಂತಾ ಇದೂ?"

"ಬಂದಿದೆ ಅಂತಲೇ ಇಟ್ಕೊಳ್ಳಿ."

ಅವರಿಗೆ ಅಷ್ಟು ಸಾಕಾಗಿತ್ತು. ಬೆರಳುಗಳು ಪೆನ್ ಸ್ಟ್ಯಾಂಡಿನಿಂದ ಹೊರಟವು. ಫ್ರಾನ್ಸಿನಲ್ಲಿ ನಿಲ್ಲಲಿಲ್ಲ, ನೇರ ರೋಮಿಗೆ. "ಲ್ಯಾಟಿನ್ನಿನಾಗ ಇದು ಮೊದಲು ಗಂಟಲ ಬ್ಯಾನಿ ಹೆಸರು. ಗಂಟಲು ಕಟ್ಟೋದು, ಉಸಿರು ಹಿಡಿಯೋದು. ಆಮ್ಯಾಲೆ ಅದಕ್ಕ ಎದಿಗೆ ವರ್ಗ ಆತು, ಸರಕಾರಿ ನೌಕರಗ ಆದಂಗ. ಪೆಕ್ಟೋರಿಸ್ ಅಂದ್ರ ಎದೀದು." ಚಹದ ಗ್ಲಾಸಿಗೆ ಬಂದರು. "ಗ್ರೀಕರಲ್ಲಿ ನೇಣು, ಕುತ್ತಿಗಿ ಬಿಗಿಯೋದು. ಇದರ ಅಣ್ಣತಮ್ಮಂದಿರು ಭಾಳ ಮಂದಿ. ಆಂಗ್ವಿಶ್ ಇವರ ಪೈಕಿ. ಆಂಗ್ಸೈಟಿ, ಅಂದ್ರ ದಿಗಿಲು, ಅದೂ ಇವರ ಪೈಕಿ. ಅದು ನಿನ್ನ ಪಾಲಿಗೆ ಬಂದದ್ದು. ನಿನ್ನ ಮನೆತನ ದೊಡ್ಡದು ತಮ್ಮಾ, ತಿಳ್ಕೋ."

"ಸಂಸ್ಕೃತದಲ್ಲಿ?"

"ಅದ. ಅಂಹಸ್ ಅಂತ, ಸಂಕಟ. ಅದರ ಬುಡಕ್ಕ ಅಂಹು, ಇಕ್ಕಟ್ಟಾದದ್ದು, ಅಗಲ ಇಲ್ಲದ್ದು..." ಎಂದು ಭಾರತ ಮುಟ್ಟಲು ಎದ್ದರು. ಕಿಟಕಿಗೆ ನಾಲ್ಕೇ ಹೆಜ್ಜೆ. ಎರಡನೆಯದಕ್ಕೆ ಕುರ್ಚಿಯ ಬೆನ್ನು ಹಿಡಿದು ನಿಂತುಬಿಟ್ಟರು. ಇನ್ನೊಂದು ಕೈ ಎರಡನೇ ಗುಂಡಿಯ ಮೇಲೆ.

ನಾನು ಎದ್ದೆ. ಕೂಗಬೇಕೆನಿಸಿತು, ಕೂಗಲಿಲ್ಲ. ಕೂಗಿದ್ದರೆ ಅವರು ಮತ್ತೆ ನನ್ನ ರೋಗದ ಕಡೆ ಹೊರಳುತ್ತಿದ್ದರು. ಪ್ರೂಫಿನ ದನಿಯಲ್ಲಿ, ಆದಷ್ಟು ಚಪ್ಪಟೆಯಾಗಿ ಕೇಳಿದೆ:

"ಈ ಮನೆತನದಲ್ಲಿ ಎಲ್ಲಾದರೂ ಪೇನ್ ಇದೆಯಾ ಸರ್?"

ಅವರು ಬಂದ ದಾರಿಯನ್ನು, ಗ್ಲಾಸಿನಿಂದ ಡಬ್ಬಿಗೆ, ಕಣ್ಣಲ್ಲೇ ಹಿಂದಕ್ಕೆ ನಡೆದು ನೋಡಿದರು. ಮೆಷಿನ್ ಹಾಲಿನಿಂದ ಕಾಗದ ಕತ್ತರಿಸುವ ಸದ್ದು ಬರುತ್ತಿತ್ತು.

"ಇಲ್ಲ," ಎಂದರು. "ಪೇನ್ ಎಲ್ಲೂ ಇಲ್ಲ. ಬರೇ ಇಕ್ಕಟ್ಟು."

"ನಿಮಗೆ?"

"ಮೆಟ್ಟಿಲ ಮ್ಯಾಲ ಆಗ್ತಿತ್ತು. ಈಗೀಗ ಹಂಗೇ ನಡೆದ್ರೂ ಆಗ್ತದ. ಯಾರೋ ಒಳಗಿಂದ ಹಗ್ಗ ಹಾಕಿ ಜಗ್ಗಿದಂಗ. ಬ್ಯಾನಿ ಅಲ್ಲ ಅದು." ಅವರ ಮುಖದಲ್ಲಿ ಒಂದು ಶಬ್ದದ ಬೇರು ಸಿಕ್ಕಾಗ ಬರುತ್ತಿದ್ದ ಹೊಳಪು ಬಂತು, ಆ ಬೇರು ತಮ್ಮದೇ ಎದೆಯೊಳಗೆ ಇಳಿದಿದೆ ಎಂದು ತಿಳಿದೊಡನೆ ಆ ಹೊಳಪು ಆರಿತು. ಕುರ್ಚಿಯಲ್ಲಿ ಕೂತರು. ಕೂತವರು ಏನು ಮಾಡಿದರು ಗೊತ್ತೇ? ಮೂಲಪ್ರತಿಯನ್ನು ಕೈಗೆತ್ತಿಕೊಂಡರು.

"ಇದೊಂದು ಮುಗಿಸಿ ಹೋಗೋಣು. ಮೆಷಿನ್ ಕಾಯ್ಲಾಕತ್ತದ."

ನಾನು ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಸಹಿ ಹಾಕುವುದಿಲ್ಲ ಎಂದೆ. ಈ ಪ್ರೆಸ್ಸಿನಲ್ಲಿ ನಾನು ಯಾವತ್ತೂ ಯಾರಿಗೂ ಒಂದು ಕೆಲಸಕ್ಕೂ ಇಲ್ಲ ಎಂದವನಲ್ಲ.

"ಹುಚ್ಚ ಇದ್ದೀಯೇನು? ಸಹಿ ಇಲ್ದ ಪ್ಲೇಟ್ ಮೆಷಿನ್ನಿಗೆ ಹೋಗಂಗಿಲ್ಲ."

"ಹೋಗೋದು ಬೇಡ."

ಸೂಪರ್‌ವೈಸರ್ ಬಂದರು. "ಎಂತ ಇದು ಮಾರಾಯ್ರೆ, ಹೊರಗೆ ಮೆಷಿನ್ ನಿಲ್ಲಿಸಿ ಕೂತಿದ್ದಾರೆ, ನೀವಿಬ್ಬರು ಇಲ್ಲಿ ಕತೆ ಹೇಳ್ಕೊಂಡು..."

"ಇವರು ಆಸ್ಪತ್ರೆಗೆ ಹೊರಡುವವರೆಗೆ ನಾನು ಸಹಿ ಹಾಕಲ್ಲ."

"ಪುನಃ ಶುರುವಾಯ್ತಾ ನಿಮ್ಮದು?" ಎಂದು ನನ್ನ ಕಡೆ ಕೈ ಬೀಸಿ, ಸಾಕ್ಷಿಗೆಂದು ಅವರ ಕಡೆ ತಿರುಗಿದರು. ತಿರುಗಿದವರು ಅವರ 'ಇಲ್ಲ'ಕ್ಕಾಗಿ ಕಾದರು, ನಾನೂ ಕಾದೆ. ಅವರು 'ಇಲ್ಲ' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಮಾತಿಗೆ ಆ ಕಟ್ಟಡದಲ್ಲಿ ಅಷ್ಟೇ ಬೆಲೆ.

"ಇವ ಹೇಳೂದು ಖರೆ ಅದ," ಎಂದರು ಅವರು ಮೆಲ್ಲಗೆ. "ನನ್ನ ಎದಿ ಬಿಗೀತದ."

ಸೂಪರ್‌ವೈಸರರ ಮುಖದ ಬಣ್ಣವೇ ಬೇರೆಯಾಯಿತು. "ಅಯ್ಯೋ ದೇವರೆ. ಮೆಟ್ಟಿಲು ಇಳೀಬೇಡಿ, ಲಿಫ್ಟಲ್ಲಿ ಬನ್ನಿ. ನನ್ನ ಕಾರುಂಟು." ದಾರಿಯುದ್ದಕ್ಕೂ ಅವರು ಒಂದೇ ಸಮನೆ ಹಾರ್ನ್ ಒತ್ತಿದರು. ವಿಟಾವಾದ ರೈಲು ಸೇತುವೆಯ ಕೆಳಗೆ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಮುಂದೆ ಟೆಂಪೊ, ಪಕ್ಕದಲ್ಲಿ ಬಸ್ಸು, ಮಿಸುಕಲು ಜಾಗವಿಲ್ಲ. ಹಿಂದಿನ ಸೀಟಿನಲ್ಲಿ ನಾನು ಅವರ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದೆ. "ನಿಂದು ಓಡ್ಲಾಕತ್ತದೋ ನಂದೋ ಮೊದಲ ನೋಡ್ಕೋ," ಎಂದರು. ನಾನು ಹೆಬ್ಬೆರಳಿನಲ್ಲಿ ಹಿಡಿದಿದ್ದೆ. ಹೆಬ್ಬೆರಳಿಗೆ ತನ್ನದೇ ಮಿಡಿತವಿರುತ್ತದೆ, ಎಣಿಸುತ್ತಿದ್ದದ್ದು ನನ್ನದನ್ನೇ.

ಠಾಣೆಯ ಮಾಜಿವಾಡಾ ಜಂಕ್ಷನ್ನಿನ ಹತ್ತಿರದ ಆಸ್ಪತ್ರೆಯಲ್ಲಿ ಒಬ್ಬ ಯುವ ಡಾಕ್ಟರಮ್ಮ ಬಂದು ಅದೇ ಪ್ರಶ್ನೆ ಕೇಳಿದರು: "ಅಂಕಲ್, ಪೇನ್ ಹೈ?"

ಅವರ ಬಾಯಿ ತೆರೆಯಿತು. ದಂಡ, ಶಿಕ್ಷೆ, ಗ್ರೀಕು, ಎಲ್ಲ ನಾಲಿಗೆಯ ತುದಿಗೆ ಬಂದದ್ದು ನನಗೆ ಕಾಣಿಸಿತು. ಮಂಚದ ಕಾಲ ಹತ್ತಿರ ನಿಂತಿದ್ದ ನನ್ನ ಮುಖವನ್ನು ಒಮ್ಮೆ ನೋಡಿದರು.

"ಹೈ," ಎಂದರು. "ಚಲ್ನೇ ಪರ್ ಕಸ್ತಾ ಹೈ." ನಡೆದರೆ ಬಿಗಿಯುತ್ತದೆ.

ಬದುಕಿನಲ್ಲಿ ಅವರು ಗೊತ್ತಿದ್ದೂ ಒಂದು ತಪ್ಪು ಪದವನ್ನು ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಲ್ಲಿಂದ ಎಲ್ಲ ಬೇಗ ಬೇಗ ನಡೆಯಿತು. ಹೃದಯದ ನಾಳಗಳು ಎರಡು ಕಡೆ ಕಿರಿದಾಗಿದ್ದವು. ಮಾರನೆಯ ದಿನ ಅವುಗಳನ್ನು ಅಗಲಿಸಿ ಸ್ಟೆಂಟ್ ಕೂರಿಸಿದರು. ಇನ್ನು ಸ್ವಲ್ಪ ದಿನ ಮೆಟ್ಟಿಲ ಮೇಲೆ ಕತೆ ಹೇಳುತ್ತ ನಿಂತಿದ್ದರೆ ಏನಾಗುತ್ತಿತ್ತು ಎಂದು ದೊಡ್ಡ ಡಾಕ್ಟರು ಹೇಳಲು ಹೊರಟಾಗ ನಾನು ಹೊರಗೆ ಹೋದೆ. ಕೇಳಿದ್ದರೆ ನನಗೂ ಒಂದು ಮಂಚ ಬೇಕಾಗುತ್ತಿತ್ತು. ಅವರ ಹೆಂಡತಿ ಕಾರಿಡಾರಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು, "ನಾ ನಿಮ್ಮ ಮಾತು ಹಗುರ ತೊಗೊಂಡೆ ಅಣ್ಣಾವರ" ಎಂದರು. ನನ್ನ ಮಾತನ್ನು ಹಗುರವಾಗಿ ತೆಗೆದುಕೊಳ್ಳುವುದೇ ಸಾಮಾನ್ಯವಾಗಿ ಆರೋಗ್ಯಕರ ಎಂದು ನನ್ನ ಹೆಂಡತಿ ಅವರಿಗೆ ಧೈರ್ಯ ಹೇಳಿದಳು.

ಅದಾದ ಮೇಲೆ ನಿವೃತ್ತಿಯವರೆಗೂ ಅವರು ನನ್ನೆದುರಿಗೆ ಕೂತು ಓದಿದರು. ಈ ವರ್ಷ ಅವರನ್ನು ಕರೆದುಕೊಂಡು ಹೋದದ್ದು ಬೇರೆ ಮನೆತನದ ಕಾಯಿಲೆ. ಅದರ ಊರು ಕೇಳುವಷ್ಟೂ ಪುರುಸೊತ್ತು ಅದು ಕೊಡಲಿಲ್ಲ. ಈಗ ಪ್ರೆಸ್ಸಿನಲ್ಲಿ ಎರಡು ಪ್ರತಿಗಳನ್ನು ಕಂಪ್ಯೂಟರ್ ತಾಳೆ ನೋಡುತ್ತದೆ. ಸದ್ದಿಲ್ಲ. ನಾನು ಪರದೆಯ ಮೇಲಿನ ಕೆಂಪು ಗೆರೆಗಳನ್ನು ನೋಡುತ್ತ ಕೂರುತ್ತೇನೆ, ಬಂದ ಕಾಯಿಲೆಗಳನ್ನು ಒಬ್ಬನೇ ಅನುಭವಿಸುತ್ತೇನೆ.

ಅವರು ಆಸ್ಪತ್ರೆಯಿಂದ ಕೆಲಸಕ್ಕೆ ಮರಳಿದ ದಿನವನ್ನು ಮಾತ್ರ ಬರೆದು ಮುಗಿಸುತ್ತೇನೆ. ಹೊಸ ಅಂಗಿ ಹಾಕಿಕೊಂಡು ಬಂದು, ನಮ್ಮ ಮೇಜಿನ ದೇಶಗಳೆಲ್ಲ ತಂತಮ್ಮ ಜಾಗದಲ್ಲಿವೆಯೇ ನೋಡಿ, ಮೂಲಪ್ರತಿ ಹಿಡಿದು ಓದತೊಡಗಿದರು. ನನ್ನ ಕಣ್ಣು ಕಾಗದದ ಮೇಲಿತ್ತು, ಕಿವಿ ಅವರ ಎದೆಯ ಮೇಲೆ. ಒಂದು ಸಾಲು ಮುಗಿಯುವಷ್ಟರಲ್ಲಿ ಅವರು ಓದು ನಿಲ್ಲಿಸಿದರು.

"ನೀ ನನ್ನ ಉಸಿರು ಎಣಸ್ಲಾಕತ್ತಿ. ಪ್ರೂಫ್ ನೋಡ್ಲಾಕತ್ತಿಲ್ಲ."

"ನೋಡ್ತಿದೀನಿ ಸರ್."

"ಬೆರಳು ಹೋದ ಸಾಲಿನಾಗೇ ಅದ."

ಇತ್ತು. ಅವರು ಗಂಟಲು ಸರಿಮಾಡಿಕೊಂಡು ಮತ್ತೆ ಶುರು ಮಾಡಿದರು. ಈ ಸಲ ಅವರು ಓದಿದ್ದು ಹೀಗೆ: ತಲೆನೋವು, ಕಾಮಾ, ವಾಕರಿಕೆ, ಕಾಮಾ, ಉಸಿರು, ಬಾಯಿ ಒಣಗುವುದು, ಕಾಮಾ, ಕಣ್ಣು ಮಂಜಾಗುವುದು, ಫುಲ್‌ಸ್ಟಾಪ್, ಉಸಿರು. ಅದೇ ಚಪ್ಪಟೆ ದನಿ, ಅದೇ ಗಾಂಭೀರ್ಯ. ತಾವು ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ 'ಉಸಿರು' ಎಂದು ಓದಿ ಹೇಳಿದರು, ಅದೂ ಮೂಲಪ್ರತಿಯಲ್ಲಿ ಅಚ್ಚಾಗಿದೆಯೇನೋ ಎಂಬಂತೆ. ಇಲ್ಲದ್ದನ್ನು ಸೇರಿಸಿ ಓದಬಾರದೆಂಬ ನಿಯಮದ ಮನುಷ್ಯ.

ಬಾಗಿಲಲ್ಲಿ ನಿಂತು ಕೇಳಿದ ಸೂಪರ್‌ವೈಸರ್, "ಇದೆಂತ ಹೊಸತು?" ಎಂದರು.

"ಇವನ ಸಲುವಾಗಿ," ಎಂದು ಅವರು ಪುಟ ತಿರುಗಿಸಿದರು.

ಅವರು ಅದನ್ನು ಎಷ್ಟು ದಿನ ಮಾಡಿದರೋ ನನಗೆ ನೆನಪಿಲ್ಲ. ಒಂದು ದಿನ ಯಾವುದೋ ಮುಲಾಮಿನ ಚೀಟಿಯ ನಡುವೆ, ಅವರು 'ಉಸಿರು' ಎನ್ನುವುದನ್ನು ನಿಲ್ಲಿಸಿ ಬಹಳ ಕಾಲವಾಗಿದೆ ಎಂದು ತಟ್ಟನೆ ಹೊಳೆಯಿತು. ನಾನು ಅವರ ಉಸಿರಿಗೆ ಕಿವಿಗೊಡುವುದನ್ನೇ ಮರೆತಿದ್ದೆ. ಬೆರಳು ಸರಿಯಾದ ಸಾಲಿನಲ್ಲೇ ಇತ್ತು. ತಲೆ ಎತ್ತಿ ನೋಡಿದೆ. ಅವರು ಫುಲ್‌ಸ್ಟಾಪಿಗೆ ಬಂದು, ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು.